ಎನ್4 ಫಾಜ್‌ನ ಪ್ರೊಮೋಟರ್: ಕಾಂಡ ಒಂದೇ, ತೀರ್ಪು ಲೂಪಿನದು

ಈ. ಕೋಲೈ ಬ್ಯಾಕ್ಟೀರಿಯಾವನ್ನು ಕಾಡುವ ವೈರಸ್ ಎನ್4 ಫಾಜ್ ತನ್ನ ಡಿಎನ್ಎ ಜೊತೆಗೇ ಸುಮಾರು 3500 ಅಮೈನೊ ಆಮ್ಲಗಳ ಆರ್‌ಎನ್ಎ ಪಾಲಿಮರೇಸನ್ನೂ (ಡಿಎನ್ಎ ಓದಿ ಆರ್‌ಎನ್ಎ ಬರೆಯುವ ಕಿಣ್ವ) ಕೋಶದೊಳಕ್ಕೆ ಕಳಿಸುತ್ತದೆ. ಸಾಮಾನ್ಯ ಜೋಡಿ ಎಳೆಯ ಡಿಎನ್ಎ ಕೊಟ್ಟರೆ ಅದು ಪ್ರೊಮೋಟರನ್ನು (ಓದು ಶುರುವಾಗುವ ಗುರುತು) ಗುರುತಿಸುವುದಿಲ್ಲ; ಟೆಂಪ್ಲೇಟ್ ಎಳೆ, ಅಂದರೆ ನಕಲಾಗುವ ಎಳೆ, ಮಡಚಿಕೊಂಡು ಹೇರ್‌ಪಿನ್ ಆಗಿರಬೇಕು: ಜೋಡಿಯಾದ ಬೇಸ್‌ಗಳ ಕಾಂಡ, ತುದಿಯಲ್ಲಿ ಒಂಟಿ ಬೇಸ್‌ಗಳ ಲೂಪ್. ಶಿಕಾಗೊ ವಿಶ್ವವಿದ್ಯಾಲಯದ ಲೂಸಿಯಾ ರಾತ್‌ಮನ್-ಡೆನೆಸ್ ತಂಡ ಇದನ್ನು ವರ್ಷಗಟ್ಟಲೆ ಬಿಡಿಸಿ ನೋಡಿದೆ.

ಈ ಫಾಜ್‌ನ ಪ್ರೊಮೋಟರುಗಳಲ್ಲೊಂದಾದ ಪಿ2ರ ಟೆಂಪ್ಲೇಟ್ ಎಳೆಯನ್ನು 5′ ತುದಿಯಿಂದ ಓದಿ (ಜಿ, ಎ, ಸಿ, ಟಿ ಡಿಎನ್ಎಯ ಬೇಸ್‌ಗಳು): ಜಿಎಎಜಿಸಿ-ಜಿಜಿಎ-ಜಿಸಿಟಿಟಿಸಿ. ಎದುರಿನ ಎಳೆ: ಜಿಎಎಜಿಸಿ-ಟಿಸಿಸಿ-ಜಿಸಿಟಿಟಿಸಿ. ಕಾಂಡ ಅಕ್ಷರಶಃ ಒಂದೇ. ವ್ಯತ್ಯಾಸವೆಲ್ಲ ಲೂಪಿನ ಮೂರು ಬೇಸ್‌ಗಳಲ್ಲಿ. ಜಿಜಿಎ ಲೂಪಿನಲ್ಲಿ ಮೊದಲ ಜಿ, ಕೊನೆಯ ಎ ಪಕ್ಕಪಕ್ಕಕ್ಕೆ ಸರಿದು ಜೋಡಿಯಾಗುತ್ತವೆ, ಕೆಳಗಿನ ಸಿ-ಜಿ ಜೋಡಿಯ ಮೇಲೆ ಒತ್ತಾಗಿ ಕೂರುತ್ತವೆ. ಇದೇ ಬಗೆಯ ಪುಟ್ಟ ತುಣುಕು ಜಿಸಿಜಿಎಎಜಿಸಿ: ಕಾಂಡದಲ್ಲಿ ಎರಡೇ ಜೋಡಿ, ಆದರೂ ಕರಗುವುದು ಸುಮಾರು 76 ಡಿಗ್ರಿ ಸೆಲ್ಸಿಯಸ್‌ನಲ್ಲಿ! ಟಿಸಿಸಿ ಲೂಪಿಗೆ ಈ ಬಲವಿಲ್ಲ. ಹಾಗಾಗಿ ಒಂಟಿ ಎಳೆಗೆ ಅಂಟುವ ಈ. ಕೋಲೈಯ ಎಸ್‌ಎಸ್‌ಬಿ ಪ್ರೋಟೀನ್ ಎದುರಿನ ಎಳೆಯ ಹೇರ್‌ಪಿನ್ನನ್ನು ಬಿಚ್ಚುತ್ತದೆ, ಟೆಂಪ್ಲೇಟಿನದು ಉಳಿಯುತ್ತದೆ.

ರೂಪಾಂತರ ವಿನ್ಯಾಸ ಮಾಡುವವರು ಇಲ್ಲಿ ಎಚ್ಚರವಾಗಿರಬೇಕು. ಲೂಪಿನ ನಡುವಿನ ಜಿ (ಸ್ಥಾನ -11, ಅಂದರೆ ನಕಲು ಶುರುವಾಗುವ ಜಾಗದಿಂದ ಹಿಂದಕ್ಕೆ ಎಣಿಸಿದ್ದು), ಕಾಂಡದ -8ರ ಜಿ ಎರಡನ್ನೂ ಪಾಲಿಮರೇಸ್ ನೇರವಾಗಿ ಓದುತ್ತದೆ. -11 ಬದಲಿಸಿದರೆ ಮಡಿಕೆ ಹೆಚ್ಚುಕಡಿಮೆ ಹಾಗೇ ಇದ್ದು, ಗುರುತು ಮಾತ್ರ ಕೆಡಬಹುದು. ಲೂಪಿನ ಬುಡದ ಸಿ-ಜಿಯನ್ನು ಜಿ-ಸಿ ಎಂದು ತಿರುಗಿಸಿದರೆ ಮಡಿಕೆಯೇ ಸಡಿಲವಾಗುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಫಲಿತಾಂಶಕ್ಕೆ ಅರ್ಥವೇ ಇರದು.

ಜೋಡಿ ಎಳೆಯ ಡಿಎನ್ಎಯಲ್ಲಿ ಹೇರ್‌ಪಿನ್ ಹೊರಬರಲು ಋಣ ಸೂಪರ್‌ಕಾಯಿಲಿಂಗ್ (ಎಳೆಗಳನ್ನು ಬಿಚ್ಚುವ ದಿಕ್ಕಿನ ತಿರುಚು), ಮೆಗ್ನೀಸಿಯಂ ಎರಡೂ ಬೇಕು. ಕತ್ತರಿಸಿ ನೇರವಾಗಿಸಿದ ಪ್ಲಾಸ್ಮಿಡ್ (ಉಂಗುರಾಕಾರದ ಡಿಎನ್ಎ), ಪಿಸಿಆರ್ ತುಣುಕು, ಒಂದೆಳೆ ಕಡಿದ ಪ್ಲಾಸ್ಮಿಡ್: ಮೂರರಲ್ಲೂ ತಿರುಚು ಸಡಿಲಿ ರಚನೆ ಕಾಣೆಯಾಗುತ್ತದೆ. ಮೊದಲು ಜೆಲ್‌ನಲ್ಲಿ ಪ್ಲಾಸ್ಮಿಡ್ ಸುರುಳಿಯಾಗಿಯೇ ಇದೆಯೇ ನೋಡಿ.

ಒಂದೆಳೆ ಆಲಿಗೊದಲ್ಲಿ (ಕೃತಕವಾಗಿ ತಯಾರಿಸಿದ ಪುಟ್ಟ ಡಿಎನ್ಎ ತುಣುಕು) ತೊಂದರೆ ಬೇರೆ. ಎರಡು ಅಣುಗಳು ಒಂದಕ್ಕೊಂದು ಅಂಟಿ ಡೈಮರ್ ಆಗುತ್ತವೆ. 1 ಮೈಕ್ರೊಮೋಲಾರ್ ಆಸುಪಾಸಿನಲ್ಲಿ, ಕಡಿಮೆ ಉಪ್ಪಿನಲ್ಲಿ, 95 ಡಿಗ್ರಿಗೆ 5 ನಿಮಿಷ ಕಾಯಿಸಿ ತಟ್ಟನೆ ಮಂಜುಗಡ್ಡೆಗೆ ಇಳಿಸಿ. ಮೆಗ್ನೀಸಿಯಂ ಆಮೇಲೆ ಸೇರಿಸಿ. ಸಾಂದ್ರತೆ ಹತ್ತುಪಟ್ಟು ಏರಿಸಿದರೂ ಕರಗುವ ತಾಪ ಬದಲಾಗದಿದ್ದರೆ ಅದು ಹೇರ್‌ಪಿನ್; ಏರಿದರೆ ಡೈಮರ್.

ಪರ್ಮಾಂಗನೇಟ್ ಪರೀಕ್ಷೆ ಜೋಡಿಯಾಗದ ಒಂಟಿ ಟಿಗಳನ್ನು ಹಿಡಿಯುತ್ತದೆ. ಜಿಜಿಎ ಲೂಪಿನಲ್ಲಿ ಟಿ ಇಲ್ಲ, ಹಾಗಾಗಿ ಅಲ್ಲಿ ಗುರುತು ಬೀಳದಿದ್ದರೆ ಲೂಪ್ ಇಲ್ಲವೆಂದು ತೀರ್ಮಾನಿಸಬೇಡಿ. ಅದಕ್ಕೆ ಡೈಈಥೈಲ್ ಪೈರೊಕಾರ್ಬೊನೇಟ್ ಬಳಸಿ, ಅದು ಎ, ಜಿಗಳನ್ನು ತಟ್ಟುತ್ತದೆ.