ಅಪ್ಪನ ಕಾಲು ಉಳುಕಿದ ವಾರ ನೋಡಿದ ಸಿನಿಮಾಗಳು

ಕ್ಯಾತ್ಸಂದ್ರದಲ್ಲಿ ಅಪ್ಪನದು ಸಣ್ಣ ಹೋಟೆಲ್. ನಾಲ್ಕು ಟೇಬಲ್, ತಟ್ಟೆ ಇಡ್ಲಿ, ಚಿತ್ರಾನ್ನ, ಅಷ್ಟೇ. ಹೋದ ತಿಂಗಳು ಹಿಟ್ಟಿನ ಪಾತ್ರೆ ಎತ್ತಲು ಹೋಗಿ ಜಾರಿ ಕಾಲು ಉಳುಕಿಸಿಕೊಂಡರು. ಹಬ್ಬಕ್ಕೂ ಬಾಗಿಲು ಹಾಕದ ಮನುಷ್ಯ ವಾರವಿಡೀ ಮನೆಯಲ್ಲಿ ಕೂತರೆ ಹೇಗಿರುತ್ತೆ ಹೇಳಿ, ಎಲ್ಲರ ಮೇಲೂ ರೇಗಾಟ. ಅದಕ್ಕೇ ರಾತ್ರಿ ಊಟ ಆದಮೇಲೆ ಟಿವಿಯಲ್ಲಿ ಸಿನಿಮಾ ಹಾಕತೊಡಗಿದೆ.

ಮೊದಲು 'ಸು ಫ್ರಮ್ ಸೋ'. 2025ರ ಜುಲೈನಲ್ಲಿ ಬಿಡುಗಡೆಯಾದಾಗ ಟಿಕೆಟ್ ಸಿಗದೆ ವಾಪಸ್ ಬಂದಿದ್ದೆ. ಹುಡುಗನೊಬ್ಬನ ಮೈಮೇಲೆ ಸುಲೋಚನಾ ಅನ್ನೋ ಹೆಂಗಸಿನ ದೆವ್ವ ಬಂದಿದೆ ಅಂತ ಊರಿಗೆ ಊರೇ ನಂಬುತ್ತೆ. ಆ ಹುಡುಗನ ಪಾತ್ರ ಮಾಡಿರೋ ಜೆ.ಪಿ. ತುಮಿನಾಡು ಅವರೇ ನಿರ್ದೇಶಕರು. ಕರಾವಳಿ ಕನ್ನಡ ಅಮ್ಮನಿಗೆ ಅರ್ಧಕ್ಕರ್ಧ ತಿಳಿಯಲಿಲ್ಲ, ಆದರೂ ಜಾಸ್ತಿ ನಕ್ಕಿದ್ದು ಅವರೇ. ಕೊನೆಕೊನೆಗೆ ಕಥೆ ಗಂಭೀರ ಆಗುತ್ತೆ, ನನಗೆ ಅದು ಹಿಡಿಸಿತು. ಅಪ್ಪ ಮಾತ್ರ "ನಗಿಸ್ತಿದ್ದವರು ಸುಮ್ನೆ ನಗಿಸ್ಕೊಂಡು ಹೋಗ್ಬಾರ್ದಿತ್ತಾ" ಅಂದರು.

'ಸಪ್ತ ಸಾಗರದಾಚೆ ಎಲ್ಲೋ' ಎರಡೂ ಭಾಗ ಒಂದೇ ರಾತ್ರಿ ಹಾಕಿದ್ದು ನನ್ನದೇ ತಪ್ಪು. ಮೊದಲ ಭಾಗಕ್ಕೆ ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡರು. ಎರಡನೇದು ಎಳೆದಾಟ. ಅಪ್ಪನ ಗೊರಕೆ.

ಮೂರನೇ ದಿನ 'ಶಾಖಾಹಾರಿ'. 2024ರದ್ದು. ಮಲೆನಾಡಿನ ಊರೊಂದರಲ್ಲಿ ಸಸ್ಯಾಹಾರಿ ಹೋಟೆಲ್ ಇಟ್ಟುಕೊಂಡಿರೋ ಸುಬ್ಬಣ್ಣನಾಗಿ ರಂಗಾಯಣ ರಘು. ಹೋಟೆಲ್ ಕಂಡಿದ್ದೇ ತಡ, ಮಲಗಿದ್ದ ಅಪ್ಪ ದಿಂಬಿಗೆ ಒರಗಿ ಎದ್ದು ಕೂತರು. "ಪಾವಗಡದವ್ರು ಕಣ್ರೀ, ನಮ್ಮ ಕಡೆಯೋರು" ಅಂತ ಅಮ್ಮ ತವರಿನ ಹೆಮ್ಮೆ ತೆಗೆದರೆ ಅಪ್ಪನಿಗೆ ಅದು ಬೇಕಿಲ್ಲ. ಅವರ ಕಣ್ಣೆಲ್ಲ ಅಡುಗೆಮನೆ ಮೇಲೆ. ಇಷ್ಟು ಗಿರಾಕಿಗೆ ಎಷ್ಟು ಸೇರು ಅಕ್ಕಿ ನೆನೆಹಾಕ್ತಾನೆ, ಬಾಡಿಗೆ ಎಷ್ಟು, ಪೊಲೀಸ್ನೋರು ತಿಂದು ದುಡ್ಡು ಕೊಟ್ರೋ ಇಲ್ವೋ, ಪ್ರಶ್ನೆ ಮೇಲೆ ಪ್ರಶ್ನೆ. ಆ ಹೋಟೆಲಿನೊಳಗೆ ನಡೆಯಬಾರದ್ದು ನಡೆದಾಗ (ಏನು ಅಂತ ಹೇಳಲ್ಲ, ನೋಡಿ) ನಾನು ಉಸಿರು ಬಿಗಿ ಹಿಡಿದು ಕೂತಿದ್ದರೆ ಪಕ್ಕದಿಂದ ಸಣ್ಣ ದನಿಯಲ್ಲಿ ಬಂತು: "ಪಾಪ, ನಾಳೆ ಬೆಳಗ್ಗೆ ಹೋಟೆಲ್ ತೆಗೀಬೇಕಲ್ಲೋ ಅವ್ನು."

ನನಗೆ ಅದು ಹೊಳೆದೇ ಇರಲಿಲ್ಲ. ಸಿಕ್ಕಿಬೀಳ್ತಾನಾ ಇಲ್ವಾ ಅನ್ನೋದಷ್ಟೇ ನನ್ನ ಚಿಂತೆ. ಏನೇ ಆದರೂ ಗಿರಾಕಿ ಬಂದಾಗ ಮುಖದಲ್ಲಿ ತೋರಿಸಬಾರದು ಅನ್ನೋ ಕಷ್ಟ ಅಪ್ಪನಿಗೆ ಗೊತ್ತು, ರಘು ಅವರೂ ಅದನ್ನೇ ಮುಖದಲ್ಲಿ ಹಿಡಿದಿದ್ದಾರೆ ಅಂತ ಆಮೇಲೆ ಕಂಡಿತು. ನಡುವೆ ಸ್ವಲ್ಪ ನಿಧಾನ, ನಿಜ. ಆದರೂ ವಾರದ ಮೂರರಲ್ಲಿ ನನ್ನ ಓಟು ಇದಕ್ಕೇ.

ಸೋಮವಾರ ಹೋಟೆಲ್ ತೆಗೆದೆವು. ದಿನಾ ಬರೋ ಮೇಷ್ಟ್ರು "ಏನ್ರೀ, ವಾರದಿಂದ ಕಾಣ್ಲಿಲ್ಲ?" ಅಂದರು. ಅಪ್ಪ ಕಾಲಿನ ಸುದ್ದಿ ಬಿಟ್ಟು ಸುಬ್ಬಣ್ಣನ ಕಥೆ ಶುರುಮಾಡಿದರು. ನಾನು ಬಿಲ್ಲು ಕೊಡೋಕೆ ಬರುವಷ್ಟರಲ್ಲಿ ಕ್ಲೈಮ್ಯಾಕ್ಸ್ ಕೂಡ ಹೇಳಿಬಿಟ್ಟಿದ್ದರು.