ಯಜಮಾನ ಬದಲಾದಂತೆ ಬದಲಾದ ಮೇಳ: ಮಾಸ್ಟರ್ಸ್ ಆಫ್ ಈವಿಲ್‌ನಿಂದ ಥಂಡರ್‌ಬೋಲ್ಟ್ಸ್‌ವರೆಗೆ

ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೀಚಕ ಬೇರೆ, ಕೀಚಕನ ವೇಷ ಕಟ್ಟಿದವರು ಬೇರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ದುಷ್ಟಬುದ್ಧಿ, ಭಸ್ಮಾಸುರರನ್ನು ನೋಡಿದವರು ಅದೇ ಪಾತ್ರವನ್ನು ಇನ್ನೊಬ್ಬರು ಮಾಡಿದಾಗ ಪದ್ಯ ಅದೇ ಇದ್ದರೂ ನಡೆ ಬೇರೆ ಎಂಬುದನ್ನು ಕುಳಿತಲ್ಲೇ ಗುರುತಿಸುತ್ತಾರೆ. ಮಾರ್ವೆಲ್ ಕಾಮಿಕ್ಸಿನ ‘ಮಾಸ್ಟರ್ಸ್ ಆಫ್ ಈವಿಲ್’ ಎಂಬ ಖಳರ ಗುಂಪಿನ ಅರವತ್ತು ವರ್ಷಗಳ ಕಥೆಗೂ ಇದೇ ಕಣ್ಣು ಬೇಕು. ಈ ಗುಂಪಿಗೆ ಸ್ಥಿರವಾದ ಸದಸ್ಯರಿಲ್ಲ. ಹೆಸರು ಮಾತ್ರ ಉಳಿಯುತ್ತದೆ. ಯಜಮಾನ ಬದಲಾದಾಗ ಮೇಳದ ಗುರಿ, ಗಾತ್ರ, ಗುಣ ಎಲ್ಲವೂ ಬದಲಾಗುತ್ತವೆ.

ಆದ್ದರಿಂದ ಓದಲು ಕೂರುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೆರೆ ಹಾಕಿಕೊಳ್ಳಿ: ವೇಷದ ಹೆಸರು, ಒಳಗಿನ ಮನುಷ್ಯ, ಸಂಚಿಕೆ ಮತ್ತು ವರ್ಷ, ಆ ಹೊತ್ತಿನ ಯಜಮಾನ. ಇದಿಲ್ಲದೆ ಓದಿದವರು ಮೂರು ಕಡೆ ಖಂಡಿತ ಎಡವುತ್ತಾರೆ. ಬ್ಲ್ಯಾಕ್ ನೈಟ್ ಒಬ್ಬನಲ್ಲ, ಖಳನಾದ ಮಾವ ನೇಥನ್ ಗ್ಯಾರೆಟ್ ಮತ್ತು ಸಜ್ಜನನಾದ ಸೋದರಳಿಯ ಡೇನ್ ವಿಟ್‌ಮನ್ ಎಂದು ಇಬ್ಬರು. ಕ್ರಿಮ್ಸನ್ ಕೌಲ್ ಎಂಬ ಕೆಂಪು ಮುಸುಕಿನ ಒಳಗೂ ಕಾಲಕ್ಕೆ ತಕ್ಕಂತೆ ಬೇರೆ ಬೇರೆಯವರಿದ್ದಾರೆ. ಬ್ಯಾರನ್ ಜೀಮೊ ಎಂದರೆ ಅಪ್ಪನೂ ಹೌದು, ಮಗನೂ ಹೌದು.

ಮೊದಲ ಯಜಮಾನ ಅಪ್ಪ, ಹೈನ್‌ರಿಕ್ ಜೀಮೊ. ಅವೆಂಜರ್ಸ್ ಎಂಬ ವೀರರ ಗುಂಪಿನ ಪುಸ್ತಕದ 6ನೇ ಸಂಚಿಕೆ, ಮುಖಪುಟದ ತಾರೀಖು ಜುಲೈ 1964. ಬರಹ ಸ್ಟ್ಯಾನ್ ಲೀ, ಚಿತ್ರ ಜ್ಯಾಕ್ ಕಿರ್ಬಿ. ಈ ನಾಜಿ ವಿಜ್ಞಾನಿ ‘ಅಡ್ಹೀಸಿವ್ ಎಕ್ಸ್’ ಎಂಬ, ಒಮ್ಮೆ ಹತ್ತಿದರೆ ಬಿಡದ ಅಂಟನ್ನು ತಯಾರಿಸುತ್ತಾನೆ. ಯುದ್ಧಕಾಲದಲ್ಲಿ ಕ್ಯಾಪ್ಟನ್ ಅಮೆರಿಕನ ಗುರಾಣಿ ತಗುಲಿ ಅಂಟಿನ ಪಾತ್ರೆ ಒಡೆದು, ಮುಖದ ಮೇಲಿನ ಮುಸುಕು ಶಾಶ್ವತವಾಗಿ ಚರ್ಮಕ್ಕೆ ಅಂಟಿಕೊಂಡಿತು. ವೇಷ ಕಳಚಲಾಗದ ವೇಷಧಾರಿ ಇವನು. ಮುಂದಿನ ಇಡೀ ಕಥೆಯ ಬೀಜ ಇಲ್ಲಿಯೇ ಇದೆ.

ಅವನು ಗುಂಪು ಕಟ್ಟಿದ ಲೆಕ್ಕ ಸರಳ, ಒಬ್ಬ ನಾಯಕನಿಗೆ ಒಬ್ಬ ಖಳ. ಐರನ್ ಮ್ಯಾನ್‌ನ ಕವಚ ಕರಗಿಸಲು ಮೆಲ್ಟರ್, ಥಾರ್‌ಗೆ ರೇಡಿಯೋಆ್ಯಕ್ಟಿವ್ ಮ್ಯಾನ್, ಜೈಂಟ್ ಮ್ಯಾನ್‌ಗೆ ಬ್ಲ್ಯಾಕ್ ನೈಟ್, ಕ್ಯಾಪ್ಟನ್ ಅಮೆರಿಕನಿಗೆ ತಾನು. ಅಂಟಿನಲ್ಲಿ ಸಿಕ್ಕಿಬಿದ್ದ ಅವೆಂಜರ್ಸ್ ಕೊನೆಗೆ ಜೈಲಿನಲ್ಲಿದ್ದ ಇನ್ನೊಬ್ಬ ಅಂಟು ತಜ್ಞ ಪೇಸ್ಟ್ ಪಾಟ್ ಪೀಟ್‌ನ ನೆರವಿನಿಂದ ಬಿಡಿಸಿಕೊಳ್ಳುತ್ತಾರೆ. ಕಥೆ ಮಕ್ಕಳಾಟದಂತೆ ಕಾಣಬಹುದು, ಆದರೂ ದಾಟಿಸಿ ಓದಬೇಡಿ.

ಅದಕ್ಕಿಂತಲೂ ಮುಖ್ಯವಾದುದು 9ನೇ ಸಂಚಿಕೆ, ಅಕ್ಟೋಬರ್ 1964. ಜೀಮೊ ಸೈಮನ್ ವಿಲಿಯಮ್ಸ್ ಎಂಬಾತನಿಗೆ ಅಯಾನ್ ಕಿರಣಗಳಿಂದ ಬಲ ತುಂಬಿ, ವಂಡರ್ ಮ್ಯಾನ್ ಎಂಬ ಹೆಸರಿಟ್ಟು, ವೀರನೆಂಬ ಸೋಗಿನಲ್ಲಿ ಅವೆಂಜರ್ಸ್ ಒಳಗೆ ಕಳಿಸುತ್ತಾನೆ. ವಾರಕ್ಕೊಮ್ಮೆ ಔಷಧ ಸಿಗದಿದ್ದರೆ ಸಾವು ಎಂಬ ಕಟ್ಟುಪಾಡು ಬೇರೆ. ವಂಡರ್ ಮ್ಯಾನ್ ಕೊನೆಯ ಗಳಿಗೆಯಲ್ಲಿ ಅವೆಂಜರ್ಸ್ ಪಕ್ಷ ವಹಿಸಿ ಬೀಳುತ್ತಾನೆ. ಶತ್ರುವಿನ ಮನೆಗೆ ಸಜ್ಜನನ ವೇಷದಲ್ಲಿ ಆಳು ಕಳಿಸಿದರೆ ಆ ಆಳು ಸಜ್ಜನನಾಗಿಬಿಡುವ ಅಪಾಯವಿದೆ ಎಂಬುದು ಅಪ್ಪನಿಗೆ ಆಗಲೇ ಗೊತ್ತಾಗಬೇಕಿತ್ತು. 15ನೇ ಸಂಚಿಕೆಯಲ್ಲಿ, ಏಪ್ರಿಲ್ 1965ರಲ್ಲಿ, ಅವನು ಬಂಡೆಗಳಡಿ ಸಿಕ್ಕಿ ಸಾಯುತ್ತಾನೆ. ಅವನ ಯಂತ್ರ ಮಾತ್ರ ಉಳಿಯಿತು. 21ನೇ ಸಂಚಿಕೆಯಲ್ಲಿ ಎನ್‌ಚಾಂಟ್ರೆಸ್ ಎಂಬ ಮಾಟಗಾತಿ ಅದೇ ಯಂತ್ರದಿಂದ ಎರಿಕ್ ಜೋಸ್ಟನ್‌ನನ್ನು ಪವರ್ ಮ್ಯಾನ್ ಮಾಡುತ್ತಾಳೆ. ಜೋಸ್ಟನ್ ಹೆಸರಿನ ಎದುರು ನಾಲ್ಕೈದು ಸಾಲು ಖಾಲಿ ಬಿಡಿ, ಅವನು ಮತ್ತೆ ಮತ್ತೆ ಬರುತ್ತಾನೆ.

ಎರಡನೇ ಮೇಳ 1968ರದು, ಅವೆಂಜರ್ಸ್ 54 ಮತ್ತು 55. ರಾಯ್ ಥಾಮಸ್ ಬರಹ, ಜಾನ್ ಬುಸೆಮಾ ಚಿತ್ರ. ಯಜಮಾನ ಕೆಂಪು ಮುಸುಕಿನ ಕ್ರಿಮ್ಸನ್ ಕೌಲ್. 54ರ ಕೊನೆಯಲ್ಲಿ ಮುಸುಕಿನ ಒಳಗೆ ಅವೆಂಜರ್ಸ್ ಮನೆಯ ಬಟ್ಲರ್ ಜಾರ್ವಿಸ್ ಕಾಣುತ್ತಾನೆ. 55ರಲ್ಲಿ ನಿಜವಾದ ಯಜಮಾನ ಅಲ್ಟ್ರಾನ್ ಎಂಬ ಯಂತ್ರಮಾನವ ಎಂದು ಬಯಲಾಗುತ್ತದೆ. ಎರಡನ್ನೂ ಒಂದೇ ಸಲ ಕೂತು ಓದಬೇಕು. ಮೊದಲನೆಯದನ್ನಷ್ಟೇ ಓದಿ ನಿಲ್ಲಿಸಿದರೆ ಜಾರ್ವಿಸ್ ಬಗ್ಗೆ ತಪ್ಪು ತೀರ್ಮಾನ ಮನಸ್ಸಿನಲ್ಲಿ ಉಳಿಯುತ್ತದೆ, ಮುಂದೆ 1987ರ ಜಾರ್ವಿಸ್ ಪೆಟ್ಟು ತಿನ್ನುವಾಗ ಆ ನೋವು ನಾಟುವುದಿಲ್ಲ. ಈ ಮೇಳದಲ್ಲಿದ್ದ ಬ್ಲ್ಯಾಕ್ ನೈಟ್ ಸೋದರಳಿಯ ಡೇನ್. ಖಳರ ನಡುವೆ ಸೇರಿಕೊಂಡ ಸಜ್ಜನ. ಅಪ್ಪ ಜೀಮೊನ ತಂತ್ರವನ್ನೇ ಇಲ್ಲಿ ಉಲ್ಟಾ ಹೊಡೆದಿದ್ದಾರೆ.

ಮೂರನೆಯ ಮೇಳದ ಯಜಮಾನ ಎಗ್‌ಹೆಡ್ ಎಂಬ ಖಳ ವಿಜ್ಞಾನಿ. 1982–83ರ 222, 228, 229, 230ನೇ ಸಂಚಿಕೆಗಳು. ಹಿಂದೆ ಜೈಂಟ್ ಮ್ಯಾನ್ ಆಗಿದ್ದ ಹ್ಯಾಂಕ್ ಪಿಮ್‌ನ ಮೇಲೆ ಕಳಂಕ ಹೊರಿಸುವುದೇ ಅವನ ಉದ್ದೇಶ. 229ರಲ್ಲಿ ಅವೆಂಜರ್ಸ್ ಬಿಲ್ಲುಗಾರ ಹಾಕ್‌ಐನ ಬಾಣ ಎಗ್‌ಹೆಡ್‌ನ ಬಂದೂಕಿನ ನಳಿಗೆಗೆ ಸಿಕ್ಕಿ, ಬಂದೂಕು ಸಿಡಿದು ಎಗ್‌ಹೆಡ್ ಸಾಯುತ್ತಾನೆ. ಮೂನ್‌ಸ್ಟೋನ್ ಮತ್ತು ಬೀಟಲ್ ಈ ಮೇಳದಲ್ಲಿದ್ದರು ಎಂಬುದನ್ನು ಬರೆದಿಟ್ಟುಕೊಂಡರೆ ಸಾಕು.

ನಾಲ್ಕನೆಯದು ಮಗನ ಮೇಳ, ಇಲ್ಲಿ ನಿಧಾನವಾಗಿ ಓದಬೇಕು. ಹೆಲ್ಮುಟ್ ಜೀಮೊ ಮೊದಲು ಕಂಡದ್ದು 1973ರ ಡಿಸೆಂಬರ್ ತಾರೀಖಿನ ಕ್ಯಾಪ್ಟನ್ ಅಮೆರಿಕ 168ರಲ್ಲಿ, ಫೀನಿಕ್ಸ್ ಎಂಬ ಬೇರೆಯೇ ಹೆಸರಿನಲ್ಲಿ. ಅಪ್ಪನ ಅಂಟಿನ ಕೊಪ್ಪರಿಗೆಗೇ ಬಿದ್ದು ಮುಖ ಸುಟ್ಟುಕೊಂಡ. ಫ್ಯಾಂಟಮ್‌ನ ಮುಖವಾಡ 21 ತಲೆಮಾರು ಇಳಿದು ಬಂದದ್ದನ್ನು ಇಂದ್ರಜಾಲ ಕಾಮಿಕ್ಸಿನಲ್ಲಿ ಓದಿದವರಿಗೆ ಇದರ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ಅಲ್ಲಿ ಮುಖವಾಡದ ಜೊತೆ ಇಳಿದು ಬಂದದ್ದು ಪ್ರತಿಜ್ಞೆ, ಇಲ್ಲಿ ಇಳಿದು ಬಂದದ್ದು ಹಗೆ.

ಅವೆಂಜರ್ಸ್ 273ರಿಂದ 277, ನವೆಂಬರ್ 1986ರಿಂದ ಮಾರ್ಚ್ 1987. ರೋಜರ್ ಸ್ಟರ್ನ್ ಬರಹ, ಜಾನ್ ಬುಸೆಮಾ ಮತ್ತು ಟಾಮ್ ಪಾಮರ್ ಚಿತ್ರ. ‘ಅಂಡರ್ ಸೀಜ್’ ಎಂದು ಹೆಸರಾದ ಭಾಗ. ಹೆಲ್ಮುಟ್ ಅಪ್ಪನ ಒಂದಕ್ಕೊಂದು ಲೆಕ್ಕವನ್ನು ಕೈಬಿಟ್ಟ. ಒಬ್ಬ ನಾಯಕನ ಮೇಲೆ ಹತ್ತು ಖಳರು ಬೀಳಬೇಕು, ಉಳಿದ ನಾಯಕರು ಆಗ ಮನೆಯಲ್ಲಿರಬಾರದು. ಆಬ್ಸಾರ್ಬಿಂಗ್ ಮ್ಯಾನ್, ಟೈಟಾನಿಯಾ, ಮಿಸ್ಟರ್ ಹೈಡ್, ಟೈಗರ್ ಶಾರ್ಕ್, ನಾಲ್ಕು ಜನರ ರೆಕಿಂಗ್ ಕ್ರ್ಯೂ, ಮೂನ್‌ಸ್ಟೋನ್, ಫಿಕ್ಸರ್, ಈಗ ಗೋಲಿಯತ್ ಎಂದು ಹೆಸರು ಬದಲಿಸಿಕೊಂಡ ಜೋಸ್ಟನ್, ಹೀಗೆ ದೊಡ್ಡ ದಂಡನ್ನೇ ಕಟ್ಟುತ್ತಾನೆ. ನಾಯಕರು ಚದುರಿದ ಹೊತ್ತು ನೋಡಿ ಅವೆಂಜರ್ಸ್ ಮನೆ ಹಿಡಿಯುತ್ತಾರೆ. ಬ್ಲ್ಯಾಕೌಟ್ ಎಂಬಾತ ಕತ್ತಲೆಯ ಶಕ್ತಿಯಿಂದ ಇಡೀ ಕಟ್ಟಡವನ್ನು ಮುಚ್ಚುತ್ತಾನೆ. ವಾಸ್ಪ್ ಆಗ ಅವೆಂಜರ್ಸ್ ಅಧ್ಯಕ್ಷೆ. ಅವಳ ಮಾತು ಮೀರಿ ಒಬ್ಬನೇ ನುಗ್ಗಿದ ಹರ್ಕ್ಯುಲಿಸ್‌ನನ್ನು ಎಲ್ಲರೂ ಸೇರಿ ಪ್ರಜ್ಞೆ ತಪ್ಪುವಂತೆ ಹೊಡೆಯುತ್ತಾರೆ.

ಇದರ ಬಲ ಹೊಡೆದಾಟದಲ್ಲಿಲ್ಲ. ಕ್ಯಾಪ್ಟನ್ ಅಮೆರಿಕನ ಕಣ್ಣೆದುರೇ ಹೈಡ್ ಜಾರ್ವಿಸ್‌ನನ್ನು ಚಿತ್ರಹಿಂಸೆ ಮಾಡುತ್ತಾನೆ, ಕ್ಯಾಪ್ಟನ್‌ನ ಹಳೆಯ ಗುರಾಣಿ ಮುರಿಯುತ್ತಾನೆ, ಕ್ಯಾಪ್ಟನ್ ಬಳಿ ಇದ್ದ ಅಮ್ಮನ ಒಂದೇ ಒಂದು ಫೋಟೊ ಹರಿಯುತ್ತಾನೆ. ಜಗತ್ತು ಆಳುವ ಆಸೆಯ ಖಳರನ್ನು ಸಾಕಷ್ಟು ನೋಡಿದ್ದೇವೆ. ಒಬ್ಬನ ಟ್ರಂಕಿಗೆ ಕೈಹಾಕಿ ಅಮ್ಮನ ಫೋಟೊ ಹರಿಯುವ ಖಳ ಎಷ್ಟು ಹೆಚ್ಚು ನೋಯಿಸುತ್ತಾನೆ ಎಂಬುದನ್ನು ಸ್ಟರ್ನ್ ಕಂಡುಕೊಂಡರು. ಗೆದ್ದ ಮೇಲೂ 277ರ ಕೊನೆಯಲ್ಲಿ ಕ್ಯಾಪ್ಟನ್ ಅಳುತ್ತಾನೆ. ನಮ್ಮ ಮಟ್ಟಿಗೆ ಇಡೀ ಇತಿಹಾಸದಲ್ಲಿ ಅತ್ಯುತ್ತಮ ಭಾಗ ಇದೇ.

ಹತ್ತು ವರ್ಷ ಕಳೆದು 1997. ಆನ್‌ಸ್ಲಾಟ್ ಎಂಬ ಕಾಳಗದಲ್ಲಿ ಅವೆಂಜರ್ಸ್ ಮತ್ತು ಫೆಂಟಾಸ್ಟಿಕ್ ಫೋರ್ ಕಣ್ಮರೆಯಾಗಿದ್ದಾರೆ, ಜನರಿಗೆ ರಕ್ಷಕರಿಲ್ಲ. ಆಗ ಥಂಡರ್‌ಬೋಲ್ಟ್ಸ್ ಎಂಬ ಹೊಸ ವೀರರು ಇನ್‌ಕ್ರೆಡಿಬಲ್ ಹಲ್ಕ್ 449ರಲ್ಲಿ ಬರುತ್ತಾರೆ. ಆಮೇಲೆ ಏಪ್ರಿಲ್ ತಾರೀಖಿನಲ್ಲಿ ಅವರದೇ ಮೊದಲ ಸಂಚಿಕೆ. ಕರ್ಟ್ ಬ್ಯೂಸಿಕ್ ಬರಹ, ಮಾರ್ಕ್ ಬ್ಯಾಗ್ಲಿ ಚಿತ್ರ. ಆ ಸಂಚಿಕೆಯ ಕೊನೆಯ ಪುಟದಲ್ಲಿ, ವೇಷ ಕಟ್ಟುವ ಚೌಕಿಯ ಪರದೆ ಸರಿಯುತ್ತದೆ. ಸಿಟಿಜನ್ ವಿ ಎಂದರೆ ಹೆಲ್ಮುಟ್ ಜೀಮೊ. ಟೆಕ್ನೊ ಎಂದರೆ ಫಿಕ್ಸರ್. ಮೀಟಿಯರೈಟ್ ಮೂನ್‌ಸ್ಟೋನ್, ಅಟ್ಲಾಸ್ ನಮ್ಮ ಜೋಸ್ಟನ್, ಮ್ಯಾಕ್–1 ಬೀಟಲ್, ಸಾಂಗ್‌ಬರ್ಡ್ ಸ್ಕ್ರೀಮಿಂಗ್ ಮಿಮಿ. ಆರರಲ್ಲಿ ನಾಲ್ವರು ಮನೆಗೆ ಮುತ್ತಿಗೆ ಹಾಕಿದವರೇ.

ಪೌಂಡ್ರಕ ವಾಸುದೇವನ ಕಥೆ ಕೇಳಿದವರಿಗೆ ಈ ಸೋಗಿನ ಜಾತಿ ಪರಿಚಿತ: ಮರದ ಶಂಖ ಚಕ್ರ ಹಿಡಿದು ತಾನೇ ಕೃಷ್ಣ ಎಂದವನು. ಹೆಲ್ಮುಟ್‌ನ ಸೋಗು ಇನ್ನೂ ಕ್ರೂರ. ಸಿಟಿಜನ್ ವಿ ಎರಡನೇ ಮಹಾಯುದ್ಧದ ವೀರ, ಅವನನ್ನು ಕೊಂದವನು ಅಪ್ಪ ಜೀಮೊ. ಅಪ್ಪ ಕೊಂದವನ ಹೆಸರನ್ನೇ ಮಗ ಉಟ್ಟುಕೊಂಡ. ಉದ್ದೇಶ ಜನರ ನಂಬಿಕೆ ಗಳಿಸಿ, ಸರಕಾರದ ಗುಟ್ಟಿನ ಕಡತಗಳವರೆಗೆ ತಲುಪಿ, ಆಮೇಲೆ ಎಲ್ಲವನ್ನೂ ಹಿಡಿಯುವುದು. 1964ರಲ್ಲಿ ಅಪ್ಪ ವಂಡರ್ ಮ್ಯಾನ್ ಮೂಲಕ ಒಬ್ಬನಿಂದ ಮಾಡಿಸಲು ಹೋದದ್ದನ್ನು ಮಗ ಇಡೀ ಮೇಳದಿಂದ ಮಾಡಿಸಿದ, ಅಪ್ಪನಂತೆಯೇ ಸೋತ. ನಾಲ್ಕನೇ ಸಂಚಿಕೆಯಲ್ಲಿ ಜೋಲ್ಟ್ ಎಂಬ, ಗುಟ್ಟು ತಿಳಿಯದ ಹುಡುಗಿ ಬಂದು ಸೇರುತ್ತಾಳೆ. ಅವಳು ನಂಬಿದ ವೀರರಾಗಿಯೇ ಇರಬೇಕೆಂಬ ಆಸೆ ಉಳಿದವರಲ್ಲಿ ಮೊಳೆಯುತ್ತದೆ. 10ರಲ್ಲಿ ಗುಟ್ಟು ಬಯಲು, 12ರಲ್ಲಿ ಬಹುತೇಕರು ಯಜಮಾನನ ವಿರುದ್ಧವೇ ತಿರುಗುತ್ತಾರೆ. ಇದರಲ್ಲಿ ಸಾಂಗ್‌ಬರ್ಡ್‌ಳ ಬದಲಾವಣೆಯನ್ನು ವಿಶೇಷವಾಗಿ ಗಮನಿಸಿ. ಹಿಂದೆ ಕಿರುಚಾಟವೇ ಅವಳ ಅಸ್ತ್ರ. ಈಗ ಫಿಕ್ಸರ್ ಕೊಟ್ಟ ಉಪಕರಣ ಅವಳ ದನಿಯನ್ನು ಗಟ್ಟಿ ಆಕಾರಗಳಾಗಿ, ರೆಕ್ಕೆಯಾಗಿ, ಗೋಡೆಯಾಗಿ ಮಾಡುತ್ತದೆ. ಅದೇ ಕೊರಳು ಒಡೆಯುವುದನ್ನು ಬಿಟ್ಟು ಕಟ್ಟುವುದಕ್ಕೆ ಬಂತು.

ಓದುವ ಕ್ರಮ ಹೀಗಿರಲಿ: ಅವೆಂಜರ್ಸ್ 6, 9, 15, 21, 54, 55, 222, 228, 229, 230, 273ರಿಂದ 277, ಹಲ್ಕ್ 449, ಥಂಡರ್‌ಬೋಲ್ಟ್ಸ್ 1ರಿಂದ 12. ಒಟ್ಟು 28 ಸಂಚಿಕೆ. ದಿನಕ್ಕೆ ಎರಡರಂತೆ ಹದಿನೈದು ದಿನದ ಒಳಗೆ ಮುಗಿಯುತ್ತದೆ. ಹುಡುಕುವಾಗ ಸಂಖ್ಯೆಯ ಜೊತೆ ವರ್ಷವನ್ನೂ ನೋಡಿ. ಅವೆಂಜರ್ಸ್ 1996ರಲ್ಲೊಮ್ಮೆ, 1998ರಲ್ಲೊಮ್ಮೆ ಮತ್ತೆ ಒಂದರಿಂದ ಎಣಿಕೆ ಶುರು ಮಾಡಿತು, ಆಮೇಲೂ ಮಾಡಿದೆ. ಬರೀ ‘ಅವೆಂಜರ್ಸ್ 6’ ಎಂದು ಕೇಳಿದರೆ ಬೇರೆ ಕಾಲದ ಪುಸ್ತಕ ಕೈಗೆ ಬರುತ್ತದೆ. ಇನ್ನೊಬ್ಬರಿಗೆ ಓದಲು ಕೊಡುವಾಗ ಥಂಡರ್‌ಬೋಲ್ಟ್ಸ್‌ನ ಸಂಗ್ರಹ ಪುಸ್ತಕವನ್ನು ಹಾಗೇ ಕೊಡಬೇಡಿ. ಹಿಂಬದಿಯ ಬರಹವೇ ಗುಟ್ಟು ಹೇಳಿಬಿಡಬಹುದು. ಕಾಗದ ಸುತ್ತಿ ಕೊಡಿ, ಹೆಸರುಗಳ ವಿವರ ಹೇಳಬೇಡಿ.

1986ರ ಮೂಲ ಸಂಚಿಕೆ ಕೊಂಡವರಿಗೆ ಒಂದು ಮಾತು. ಅದು ಸುದ್ದಿಪತ್ರಿಕೆಯ ಜಾತಿಯ ಕಾಗದ, ಆಮ್ಲ ಇರುವುದರಿಂದ ತಾನಾಗಿಯೇ ಹಳದಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರ, ಅಂಕೋಲಾದ ಗಾಳಿಯಲ್ಲಿ ಮೂರೇ ವಾರಕ್ಕೆ ಬೂಷ್ಟು ಹಿಡಿಯಬಹುದು. ಪಾಲಿಪ್ರೊಪಿಲೀನ್ ಚೀಲ, ಹಿಂದೆ ಆಮ್ಲರಹಿತ ರಟ್ಟು, ಮುಚ್ಚಳ ಬಿಗಿಯಿರುವ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಿ. ಒಲೆಯ ಮೇಲಿನ ಮೆತ್ತಿ ಒಣಗಿರುತ್ತದೆ ನಿಜ, ಆದರೆ ಹೊಗೆ ಕಾಗದವನ್ನು ಕೆಡಿಸುತ್ತದೆ. ಮಣ್ಣಿನ ಗೋಡೆಗೆ ತಾಗಿಸಿ ಇಟ್ಟರೆ ಒರಲೆ ಬಿಡುವುದಿಲ್ಲ.

ಥಂಡರ್‌ಬೋಲ್ಟ್ಸ್ 12ರ ಮುಂದೆ ಹೋಗುವವರಿಗೆ ದಾರಿ ಸ್ವಲ್ಪ ಒರಟು. ಹಾಕ್‌ಐ ಬಂದು ಯಜಮಾನನಾಗುತ್ತಾನೆ. ಎಗ್‌ಹೆಡ್ ಸಾವಿಗೆ ಕಾರಣನಾದ ಬಿಲ್ಲುಗಾರ ಈಗ ಹಳೆಯ ಖಳರನ್ನು ತಿದ್ದಲು ನಿಂತದ್ದು ಬ್ಯೂಸಿಕ್ ಅವರ ಒಳ್ಳೆಯ ಯೋಚನೆ. ಇತ್ತ ಕ್ರಿಮ್ಸನ್ ಕೌಲ್ ಹೆಸರಿನಲ್ಲಿ ಜಸ್ಟಿನ್ ಹ್ಯಾಮರ್‌ನ ಮಗಳು ಜಸ್ಟೀನ್ ಮಾಸ್ಟರ್ಸ್ ಆಫ್ ಈವಿಲ್ ಎಂಬ ಬೋರ್ಡನ್ನು ಎತ್ತಿಕೊಂಡು, 25ನೇ ಸಂಚಿಕೆಯ ಹೊತ್ತಿಗೆ ಎರಡು ಡಜನ್ನಿನಷ್ಟು ಖಳರನ್ನು ಸೇರಿಸುತ್ತಾಳೆ. ಹೆಸರುಗಳ ಸಂತೆ ಅದು, ಪಾತ್ರ ಕಡಿಮೆ. 76ರಿಂದ 81ರವರೆಗೆ ಪುಸ್ತಕದ ಹೆಸರು ಅದೇ ಇದ್ದರೂ ಥಂಡರ್‌ಬೋಲ್ಟ್ಸ್ ಅದರಲ್ಲಿಲ್ಲ, ಗುಟ್ಟಿನ ಕುಸ್ತಿ ಅಖಾಡದ ಬೇರೆ ಕಥೆ, ಬಿಡಬಹುದು. ಆಮೇಲೆ ‘ನ್ಯೂ ಥಂಡರ್‌ಬೋಲ್ಟ್ಸ್’ 18 ಸಂಚಿಕೆ. 81ಕ್ಕೆ 18 ಕೂಡಿ 99, ಮುಂದಿನದು 100. ನಡುವೆ 82ರಿಂದ 99ರವರೆಗೆ ಪುಸ್ತಕ ಕಳೆದುಹೋಗಿದೆ ಎಂದು ಹುಡುಕಬೇಡಿ. 2007ರಲ್ಲಿ, 110ರಿಂದ, ವಾರನ್ ಎಲ್ಲಿಸ್ ಮತ್ತು ಮೈಕ್ ಡಿಯೊಡಾಟೊ. ಯಜಮಾನ ಸ್ಪೈಡರ್ ಮ್ಯಾನ್‌ನ ವೈರಿ ನಾರ್ಮನ್ ಆಸ್ಬಾರ್ನ್, ಮೇಳಕ್ಕೆ ಸರಕಾರದ್ದೇ ಪರವಾನಗಿ. ಸೋಗು ಹಾಕುವ ಅಗತ್ಯವೇ ಇಲ್ಲವಾಯಿತು. 2009ರ ‘ಡಾರ್ಕ್ ಅವೆಂಜರ್ಸ್’ನಲ್ಲಿ ಇದೇ ಆಸ್ಬಾರ್ನ್ ಬುಲ್ಸ್‌ಐಗೆ ಹಾಕ್‌ಐ ವೇಷ, ಮೂನ್‌ಸ್ಟೋನ್‌ಗೆ ಮಿಸ್ ಮಾರ್ವೆಲ್ ವೇಷ ತೊಡಿಸುತ್ತಾನೆ. 2025ರ ಸಿನಿಮಾದ ಥಂಡರ್‌ಬೋಲ್ಟ್ಸ್‌ನಲ್ಲಿ ಮೊದಲಿನ ಆರು ಜನರಲ್ಲಿ ಒಬ್ಬರೂ ಇಲ್ಲ. ಅದನ್ನು ನೋಡಿ ಪುಸ್ತಕಕ್ಕೆ ಬರುವವರು ಪರಿಚಿತ ಮುಖ ಹುಡುಕಬಾರದು.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಹೆಸರಿಗೂ ಉದ್ದ ಜಾಗ ಬೇಕು: ರೇಡಿಯೋಆ್ಯಕ್ಟಿವ್ ಮ್ಯಾನ್, ಚೆನ್ ಲೂ. 1964ರ ನಾಲ್ವರಲ್ಲಿ ಜೀಮೊ 1965ರಲ್ಲಿ ಹೋದ, ಗ್ಯಾರೆಟ್ ಅದರ ಮರುವರ್ಷ, ಮೆಲ್ಟರ್ 1986ರಲ್ಲಿ ಸ್ಕರ್ಜ್ ಎಂಬವನ ಕೈಯಲ್ಲಿ. ಚೆನ್ ಲೂ ಅಲ್ಟ್ರಾನ್‌ನ ಮೇಳದಲ್ಲಿದ್ದ, ಎಗ್‌ಹೆಡ್‌ನ ಮೇಳದಲ್ಲಿದ್ದ, 2005ರಲ್ಲಿ ಥಂಡರ್‌ಬೋಲ್ಟ್ಸ್ ಸೇರಿದ, ಆಸ್ಬಾರ್ನ್ ಬಂದಾಗಲೂ ಅಲ್ಲೇ ಇದ್ದ. ನಾಲ್ಕು ಕಾಲಮ್ಮುಗಳಲ್ಲಿ ಅವನ ವೇಷದ ಹೆಸರು, ಒಳಗಿನ ಮನುಷ್ಯ ಎಂಬ ಎರಡು ಮಾತ್ರ ಮೊದಲಿಂದ ಕೊನೆಯವರೆಗೆ ಹಾಗೆಯೇ ಇರುತ್ತವೆ.