ಸಾಲಿಗೆ ಆರು ಲೋಟ

ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರಲು ಶುರುಮಾಡಿ 19 ವರ್ಷ ಆಯಿತು. ಜನರಿಂದ ಕೆಲಸ ತೆಗೆಸೋದು ನನಗೆ ಚೆನ್ನಾಗಿ ಗೊತ್ತು ಅನ್ನೋ ಜಂಬ ಇತ್ತು. ಅದನ್ನು ಇಳಿಸಿದವನು ನಮ್ಮ ಮಾಣಿ. ಹೋದ ಮಳೆಗಾಲದಲ್ಲಿ ತೀರಿಕೊಂಡ. 49 ವರ್ಷ.

ಕುಂದಾಪುರ ಕಡೆ ಹುಡುಗನಿಗೆ ಮಾಣಿ ಅಂತಾರೆ, ಹೋಟೆಲಲ್ಲಿ ತಿಂಡಿ ತಂದುಕೊಡುವವನಿಗೂ ಹಾಗೇ. ಇವನು ತಲೆ ನರೆತ ಮೇಲೂ ಮಾಣಿಯೇ. ಡೌನ್ ಸಿಂಡ್ರೋಮ್ ಇತ್ತು, ಹುಟ್ಟಿನಿಂದಲೇ ಇರುವ, ಕಲಿಯೋದು ನಿಧಾನ ಆಗುವ ಸ್ಥಿತಿ. ನಮ್ಮ ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮ್, ಅಂದರೆ ಜೀನುಗಳನ್ನು ಹೊತ್ತ ಒಂದು ಎಳೆ, ಎರಡಿರುತ್ತೆ, ಅವನಿಗೆ ಮೂರು. ಇದೆಲ್ಲ ನಾನು ತಿಳಿದುಕೊಂಡದ್ದು ತೀರಾ ತಡವಾಗಿ.

ಕೆಲಸ ಎರಡೇ. ಕರಿಬೇವು ಬಿಡಿಸೋದು, ಲೋಟ ಒರೆಸಿ ಜೋಡಿಸೋದು. ಸ್ಟೀಲ್ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ನೀರಿನ ಕಲೆ ಕಂಡರೆ ಮತ್ತೆ ಒರೆಸುತ್ತಿದ್ದ. ಮಗುಚಿ ಇಡೋದು, ಸಾಲಿಗೆ ಆರು. ಏಳನೆಯದು ಬಂದರೆ ಹೊಸ ಸಾಲು. ಭಾನುವಾರ ಹೊರಗೆ ಅರ್ಧ ಬೀದಿ ಕ್ಯೂ ಇದ್ದರೂ ಅವನ ಕೈಗೆ ಅವಸರ ಇರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅವನ ಲೋಟ ಒಂದೂ ವಾಪಸ್ ಬರುತ್ತಿರಲಿಲ್ಲ.

ಮೊದಮೊದಲು ಅವನ ಸಂಬಳವನ್ನು ಅವನ ಅಣ್ಣನ ಕೈಗೆ ಕೊಡುತ್ತಿದ್ದೆ. ಒಂದು ಸಲ 7ನೇ ತಾರೀಕು ಎಲ್ಲರ ಜೊತೆ ತಾನೂ ಬಂದು ನಿಂತ. "ನಿಂಗೆಂತ ಬೇಕಾ?" ಅಂದೆ. ಮಾತಾಡಲಿಲ್ಲ. ಕೈ ಒರೆಸಿಕೊಂಡು ಚಾಚಿದ. ಅವತ್ತಿಂದ ಕವರ್ ಅವನ ಕೈಗೇ.

ಮನೆ ಡೊಂಬಿವಲಿ. ಮಾಟುಂಗಾಕ್ಕೆ ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವ ಸ್ಲೋ ಲೋಕಲ್ ರೈಲೇ ಆಗಬೇಕು. ಅಂಗವಿಕಲರ ಡಬ್ಬದಲ್ಲಿ ಒಬ್ಬನೇ ಬರುತ್ತಿದ್ದ, ಯಾವತ್ತೂ ಒಂದೇ ಗಾಡಿ. ಓದಲು ಬಾರದು, ಆದರೆ ಅನೌನ್ಸ್‌ಮೆಂಟ್ ಪೂರ್ತಿ ಬಾಯಿಪಾಠ. ಲೋಟದ ಟ್ರೇ ಹೊತ್ತು ಬರುವಾಗ "ಅಗ್ಲಾ ಸ್ಟೇಷನ್ ಸಾಯನ್, ನೆಕ್ಸ್ಟ್ ಸ್ಟೇಷನ್ ಸಾಯನ್" ಅಂತ ಆ ಹೆಂಗಸಿನ ದನಿಯಲ್ಲೇ ಹೇಳುತ್ತಿದ್ದ. ಗಿರಾಕಿಗಳು ನಕ್ಕು ದಾರಿ ಬಿಡುತ್ತಿದ್ದರು.

ಅವನ 46ನೇ ವಯಸ್ಸಿನಲ್ಲಿ ಒಂದು ದಿನ ಎರಡು ಗಂಟೆ ತಡವಾಗಿ ಬಂದ. ಸಾಯನ್ ಆದ ಮೇಲೆ ಬರುವ ಮಾಟುಂಗಾದಲ್ಲಿ ಇಳಿಯದೆ ಮುಂದಿನ ದಾದರಿಗೆ ಹೋಗಿದ್ದನಂತೆ. "ಎಂತ ಮಾರಾಯಾ, ಈಗ ಬಪ್ಪುದಾ?" ಅಂದೆ, ಎಲ್ಲರ ಮುಂದೆ, ಸ್ವಲ್ಪ ಜೋರಾಗಿಯೇ. ಆಮೇಲೆ ಕರಿಬೇವಿನಲ್ಲಿ ಕಡ್ಡಿ ಬಂತು. ಲೋಟ ಐದಾಯಿತು, ಎಂಟಾಯಿತು. ಸಂಬಳ ಕೈಗೆ ಕೊಟ್ಟು ಕೊಬ್ಬು ಜಾಸ್ತಿ ಆಯ್ತು ಅಂದುಕೊಂಡೆ. ಎರಡು ತಿಂಗಳು ಬೈದೆ. ಹೌದು, ಎರಡು ತಿಂಗಳು.

ಕೊನೆಗೆ ಅವನ ಅತ್ತಿಗೆ ಫೋನ್ ಮಾಡಿದರು. "ಮನೆಯಲ್ಲೂ ಹಾಂಗೇ ಅಣ್ಣ, ಚಪ್ಪಲಿ ತಂದು ಫ್ರಿಜ್ಜಲ್ಲಿ ಇಡ್ತ." ಡಾಕ್ಟರು ಮೊದಲು ಥೈರಾಯ್ಡ್ ನೋಡಿಸಿದರು, ಆಮೇಲೆ ಕಿವಿ, ಕಣ್ಣು. ಇಂಥವರಲ್ಲಿ ಇವು ಕೆಡೋದು ಸಾಮಾನ್ಯ, ಕೆಟ್ಟರೂ ಮಂಕು ಹಿಡಿದ ಹಾಗೇ ಕಾಣುತ್ತಂತೆ. ಅದಾವುದೂ ಅಲ್ಲ. ಅಲ್ಝೈಮರ್, ಮರೆವಿನ ಕಾಯಿಲೆ. ಆ ಕಾಯಿಲೆಯಲ್ಲಿ ಮೆದುಳಲ್ಲಿ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಚೂರು ಕಟ್ಟಿಕೊಳ್ಳುತ್ತೆ, ಅದು ಹುಟ್ಟುವ ಮೂಲ ಪ್ರೋಟೀನಿನ ಜೀನ್ ಇರೋದೂ 21ನೇ ಕ್ರೋಮೋಸೋಮಲ್ಲೇ. ಮೂರು ಪ್ರತಿ ಇದ್ದವರಿಗೆ ನಲವತ್ತು ಐವತ್ತರ ವಯಸ್ಸಿಗೇ ಮರೆವು ಹಿಡಿಯಬಹುದು. ಇಷ್ಟು ವರ್ಷ ಒಂದೂ ತಪ್ಪು ಮಾಡದವನು ತಪ್ಪಿದಾಗ "ಏನಾಯ್ತು?" ಅಂತ ನಾನು ಒಂದು ಸಲ ಕೇಳಬಹುದಿತ್ತು, ಅಲ್ವಾ.

ಕೆಲಸ ಬಿಡಿಸೋದಾ ಅಂತ ಧಣಿ ಕೇಳಿದರು. ಬೇಡ ಅಂದೆ. ಬೆಳಗ್ಗೆ ಅಣ್ಣ ತಂದು ಬಿಡುತ್ತಿದ್ದರು, ಮಧ್ಯಾಹ್ನದವರೆಗೆ ಮಾತ್ರ ಕೆಲಸ. ಸರಿಯಾಗಿ ಜೋಡಿಸಿದ ಲೋಟದ ಫೋಟೋ ತೆಗೆದು ದೊಡ್ಡದು ಮಾಡಿಸಿ ಸಿಂಕಿನ ಮೇಲೆ ಅಂಟಿಸಿದೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ ಅಂತ ಎಲ್ಲರಿಗೂ ತಾಕೀತು ಮಾಡಿದೆ. ಅಡುಗೆ ಭಟ್ಟರಿಗೆ ಇದು ಬಹಳ ಕಷ್ಟ ಆಯಿತು, ಅವರದು ಒಂದೇ ಉಸಿರಿಗೆ ನಾಲ್ಕು ಕೆಲಸ. ಹೀಗೆ ಹದಿನಾಲ್ಕು ತಿಂಗಳು ನಡೆಯಿತು. ಆಮೇಲೆ ಮೆಟ್ಟಿಲು ಹತ್ತಲು ಆಗದೆ ಕೆಲಸಕ್ಕೆ ಬರೋದು ನಿಲ್ಲಿಸಿದ. 7ನೇ ತಾರೀಕು ನಾನೇ ಡೊಂಬಿವಲಿಗೆ ಹೋಗಿ ಕವರ್ ಕೊಟ್ಟು ಬರುತ್ತಿದ್ದೆ. ಕೊನೆಕೊನೆಗೆ ನನ್ನ ಗುರುತು ಸಿಗುತ್ತಿರಲಿಲ್ಲ. ಕವರ್ ಕಂಡರೆ ಮಾತ್ರ ಕೈ ಒರೆಸಿಕೊಳ್ಳುತ್ತಿದ್ದ.

ಫೋಟೋ ಇನ್ನೂ ಅಲ್ಲೇ ಇದೆ, ಎಣ್ಣೆ ಜಿಡ್ಡು ಹಿಡಿದಿದೆ. ಮೊನ್ನೆ ಜಾರ್ಖಂಡಿನಿಂದ ಹೊಸ ಹುಡುಗ ಬಂದ, ನಮ್ಮ ಮಾತು ಅವನಿಗೆ ಒಂದೂ ತಿಳಿಯದು. ಯಾರನ್ನೂ ಕೇಳದೆ ಅದನ್ನೇ ನೋಡಿ ಜೋಡಿಸಿದ. ಸಾಲಿಗೆ ಆರು.